ಮಲಗಿದವರ ಪಟ್ಟಿ

ಗಂಡನ ಅಂತ್ಯಕ್ರಿಯೆ ಮುಗಿದು ಎಂಟು ದಿನವಾಗಿತ್ತು. ಎಂಟು ದಿನವೂ ಮನೆ ತುಂಬ ಜನ. ಯಾರಾದರೊಬ್ಬರು ಅವಳ ಕೈಯಿಂದ ಪೊರಕೆ, ಲೋಟ, ಕೊನೆಗೆ ಬಾಚಣಿಗೆಯನ್ನೂ ಕಿತ್ತುಕೊಂಡು “ನೀನು ಸುಮ್ಮನೆ ಕೂತ್ಕೋಮ್ಮ” ಅನ್ನುತ್ತಿದ್ದರು. ಒಂಬತ್ತನೆಯ ಬೆಳಗ್ಗೆ ಕಿತ್ತುಕೊಳ್ಳುವವರು ಯಾರೂ ಉಳಿದಿರಲಿಲ್ಲ.

ಅಡುಗೆಮನೆಯ ಕಿಟಕಿ ತೆಗೆದಳು. ಗಾಳಿಗೆ ಬಡಿದುಕೊಳ್ಳದಿರಲೆಂದು ಎಂದಿನಂತೆ ಆ ಬೂದು ಕಲ್ಲನ್ನು ಅಡ್ಡ ಇಟ್ಟಳು. ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಮಾಡಿದಳು. ಎರಡನ್ನೂ ತಾನೇ ಕುಡಿಯಲು ಕೂತಳು. ಎರಡನೆಯದು ಅರ್ಧವಾಗಿದ್ದಾಗ ಫೋನು ಟಿಣ್ ಎಂದಿತು. ಗಂಡನಿಂದ ಇ-ಮೇಲ್.

“ಬಹಳ ದಿನವಾಯಿತು ನಿಮ್ಮನ್ನು ಕಂಡು! ನಿಮ್ಮ ನೆನಪು ತುಂಬ ಕಾಡುತ್ತಿದೆ! ನಾನಂತೂ ಇಲ್ಲೇ ಇದ್ದೇನೆ, ನೀವೆಲ್ಲಿ? ಎರಡು ಕತ್ತರಿ ತಂದರೆ ಒಂದು ಚಾಕುವಿಗೆ ಸಾಣೆ ಉಚಿತ!”

ಕೆಳಗೆ ಅವನ ಹೆಸರು, ಸಾಣೆಚಕ್ರದ ಪಕ್ಕ ನಿಂತ ಫೋಟೋ.

ಅವಳ ಎದೆ ಧಸಕ್ಕೆನ್ನಲಿಲ್ಲ. ಕಣ್ಣಿಗೆ ಮೊದಲು ಬಿದ್ದದ್ದು ಮೂರು ಆಶ್ಚರ್ಯಸೂಚಕ ಚಿಹ್ನೆಗಳು. ಮೂವತ್ತಾರು ವರ್ಷ ಬದುಕಿದ ಗಂಡ ಅಂಥದೊಂದನ್ನೂ ಬಳಸಿದವನಲ್ಲ. ಬೆರಳು ಕುಯ್ದುಕೊಂಡಾಗಲೂ “ಕುಯ್ದುಕೊಂಡೆ” ಎಂದು ಪೂರ್ಣವಿರಾಮ ಹಾಕಿದ ಹಾಗೆ ಹೇಳುತ್ತಿದ್ದ. ಇದು ಗಂಡನ ಅಣ್ಣನ, ಅವಳ ಭಾವನ, ಕೈವಾಡ.

ಲೋಟ ತೊಳೆದಿಟ್ಟು ಗಂಡನ ಸಾಣೆ ಅಂಗಡಿಗೆ ಹೋದಳು. ಎರಡು ಬೀದಿಯಾಚೆ, ಜೆರಾಕ್ಸ್ ಅಂಗಡಿಗೂ ಮುಚ್ಚಿಹೋದ ಔಷಧಿ ಅಂಗಡಿಗೂ ನಡುವೆ ಒಂದೇ ಕೋಣೆ. ಗೋಡೆಯ ಮೊಳೆಗಳಿಗೆ ಚೀಟಿ ಕಟ್ಟಿದ ಕತ್ತರಿಗಳು ತೂಗುತ್ತಿದ್ದವು. ಒದ್ದೆ ಕಬ್ಬಿಣದ ವಾಸನೆ ಇನ್ನೂ ಇತ್ತು. ಹತ್ತು ದಿನದ ಹಿಂದೆ ಗಂಡನ ಹೃದಯ ನಿಂತದ್ದು ಯಾವ ಕುರ್ಚಿಯಲ್ಲೋ ಅದೇ ಕುರ್ಚಿಯಲ್ಲಿ ಭಾವ ಕಾಲಾಡಿಸುತ್ತ ಕೂತಿದ್ದ. ಭಾವ ಕತ್ತರಿ ಮುಟ್ಟಿದವನಲ್ಲ. ಮಾರಾಟ ಹೆಚ್ಚಿಸುವುದು ಹೇಗೆಂದು ಮೂರು ದಿನದ ತರಬೇತಿ ಪಡೆದಿದ್ದ. ಆ ಮೂರು ದಿನದ ಹಸಿವು ಈಗ ತಮ್ಮನ ಅಂಗಡಿಯ ಮೇಲೆ ಬಿದ್ದಿತ್ತು.

“ಬಾಮ್ಮ, ಬಾ. ನಿನಗೂ ಬಂತಾ?”

“ಬಂತು. ಇಲ್ಲೇ ಇದ್ದೀನಿ ಅಂತ ಬರೆದಿದ್ದಾರೆ. ಎಲ್ಲಿ, ಕರೀರಿ.”

“ಅಯ್ಯೋ, ಅದು ಅವನು ಅರ್ಧ ಬರೆದಿಟ್ಟಿದ್ದ ಹಳೇ ಕರಡು ಕಣಮ್ಮ. ಆ ಒಂದು ಸಾಲು ತೆಗೆಯೋದು ಮರೆತೆ. ಮಿಕ್ಕಿದ್ದಕ್ಕೆ ನಾನು ಸ್ವಲ್ಪ ಜೀವ ತುಂಬಿದೆ.”

“ಒಳ್ಳೇ ಕಡೆ ತುಂಬಿದ್ರಿ.”

ಭಾವನಿಗೆ ಅದು ತಾಗಲಿಲ್ಲ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

“ಇಲ್ನೋಡು. ಸಾವಿರದ ಎಂಟುನೂರು ಜನ ಆರು ತಿಂಗಳಿಂದ ನಮ್ಮ ಒಂದು ಮೇಲೂ ತೆಗೆದು ನೋಡಿಲ್ಲ. ಮಲಗಿದ ಗಿರಾಕಿಗಳು ಅಂತಾರೆ ಇವರನ್ನ. ಮೂರು ಮೇಲ್ ಹಾಕಿ ಎಬ್ಬಿಸಬೇಕು. ಮೊದಲನೇದು ಪ್ರೀತಿ, ಎರಡನೇದು ಆಮಿಷ, ಮೂರನೇದು ಹೆದರಿಕೆ.”

“ಮದುವೆ ಥರ.”

“ಏನಂದೆ?”

“ಏನಿಲ್ಲ, ಹೇಳಿ.”

“ಒಂದೇ ಗಂಟೇಲಿ ಏಳುನೂರು ಜನ ತೆಗೆದಿದ್ದಾರೆ! ಅವನಿದ್ದಾಗ ಇನ್ನೂರು ದಾಟಿದ್ದೇ ಇಲ್ಲ.”

“ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡ್ತು ಅನ್ನಿ.”

“ತಮಾಷೆ ಬೇಡ. ಶುಕ್ರವಾರ ಎರಡನೇದು ಹೋಗ್ಬೇಕು. ಅದನ್ನ ನೀನೇ ಬರಿ, ಎಂ.ಎ. ಓದಿದೋಳು. ನೋಡಿದವರ ಕಣ್ಣಲ್ಲಿ ನೀರು ಬರ್ಬೇಕು. ಅಂಗಡಿ ತುಂಬಿರಬೇಕು ಅನ್ನೋದೇ ಅವನ ಕೊನೇ ಆಸೆ ಆಗಿತ್ತು ಅಂತ ಹಾಕು.”

“ಅವರ ಕೊನೇ ಆಸೆ ಊಟ ಆಗಿತ್ತು ಭಾವ. ಡಬ್ಬಿ ಬಿಚ್ಚಿಟ್ಟಿತ್ತು.”

ಭಾವ ಲ್ಯಾಪ್‌ಟಾಪನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡ.

“ನೀನು ಬರೀದಿದ್ರೆ ನಾನೇ ಬರೀತೀನಿ ಬಿಡು. ಹೇಗೂ ಹೋಗೋದು ಅವನ ಹೆಸರಲ್ಲೇ ತಾನೇ.”

ಅದೇ ಅವಳನ್ನು ಚುಚ್ಚಿತು. ಬದುಕಿದ್ದಾಗ ಯಾರ ಬಾಗಿಲಲ್ಲೂ ಕೈ ಒಡ್ಡದವನು ಸತ್ತ ಮೇಲೆ ಸಾವಿರದ ಎಂಟುನೂರು ಬಾಗಿಲಲ್ಲಿ ಹಲ್ಲು ಗಿಂಜಬೇಕು. ಅವನ ಕೊನೆಯ ಮಾತೆಂದು ಜನ ನೆನೆಯುವುದು ಅದನ್ನೇ.

“ಶುಕ್ರವಾರದವರೆಗೆ ಏನೂ ಕಳಿಸ್ಬೇಡಿ. ನಾನು ಬರೀತೀನಿ,” ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಮನೆಗೆ ಬಂದಳು.

ನಲವತ್ತೊಂದು ಜನ ಉತ್ತರ ಬರೆದಿದ್ದರು. ಒಬ್ಬರು, “ನೀವು ಹೋಗಿಬಿಟ್ಟಿರಿ ಅಂತ ಯಾರೋ ಹೇಳಿದ್ದರು, ಸುಳ್ಳೆಂದು ತಿಳಿದು ಸಂತೋಷವಾಯಿತು. ಬರೀ ಚಾಕು ತಂದರೆ ಉಚಿತ ಇಲ್ಲವೇ?” ಎಂದು ಕೇಳಿದ್ದರು. ಒಬ್ಬರು ಆತ್ಮಕ್ಕೆ ಶಾಂತಿ ಕೋರಿ, ಅದೇ ಉಸಿರಿನಲ್ಲಿ ಭಾನುವಾರ ಅಂಗಡಿ ತೆರೆದಿರುತ್ತದೆಯೇ ಎಂದು ವಿಚಾರಿಸಿದ್ದರು. ಇನ್ನೊಬ್ಬ ಮಹಾನುಭಾವ ಐದು ಜೋಡಿಸಿದ ಕೈಗಳನ್ನೂ ಒಂದು ಮೇಲೆತ್ತಿದ ಹೆಬ್ಬೆರಳನ್ನೂ ಕಳಿಸಿದ್ದ. ಇವರನ್ನೆಲ್ಲ ಎಬ್ಬಿಸದೆ ಇದ್ದಿದ್ದರೆ ಲೋಕಕ್ಕೇನು ನಷ್ಟವಿತ್ತು ಎಂದುಕೊಳ್ಳುತ್ತ ಅವಳು ಒಂದೊಂದನ್ನೇ ಅಳಿಸಿದಳು.

ಕೊನೆಯದು ಎರಡೇ ಸಾಲು.

“ನಾನು ಎಲ್ಲೂ ಹೋಗಿಲ್ಲ. ನನ್ನ ಕಲ್ಲು ಹೋಗಿದೆ, ನಿಮ್ಮ ಹಿಂದೆ, ಎರಡು ವರ್ಷದ ಕೆಳಗೆ.”

ಬರೆದವರು ಯಾರೆಂದು ತಿಳಿಯಲು ಪಟ್ಟಿಯಲ್ಲಿ ಆ ವಿಳಾಸ ಹುಡುಕಿದಳು. ಭಾವ ಪಟ್ಟಿಯಲ್ಲಿ ಎರಡೇ ಕಾಲಂ ನೋಡಿದ್ದ: ತೆಗೆದವರು, ತೆಗೆಯದವರು. ಇನ್ನೂ ಬಲಕ್ಕೆ ಸರಿಸಿದರೆ, ತೆರೆಯ ಅಂಚಿನಾಚೆ, ಮತ್ತೊಂದಿತ್ತು. ತಲೆಬರಹ: ಷರಾ. ಯಾರು ಯಾಕೆ ಬರುವುದು ಬಿಟ್ಟರು ಎಂದು ಗಂಡ ಒಬ್ಬೊಬ್ಬರ ಮುಂದೆಯೂ ಬರೆದಿಟ್ಟಿದ್ದ.

“ಮನೆ ಬದಲಾಯಿಸಿದರು.”

“ಮಗ ಹೊಸ ಚಾಕು ತಂದುಕೊಟ್ಟಿದ್ದಾನೆ. ಅದು ಮೊಂಡಾದಾಗ ಬರುತ್ತಾರೆ.”

“ಮೊಂಡು ಚಾಕುವೇ ಕ್ಷೇಮ ಅನ್ನುತ್ತಾರೆ. ವಾದ ಬೇಡ.”

“ದರ್ಜಿ. ಕೈ ನಡುಗುತ್ತದೆ, ಕತ್ತರಿ ಹಿಡಿಯುವುದಿಲ್ಲ. ಮೇಲ್ ಕಳಿಸಬಾರದು, ಹೋಗಿ ಮಾತಾಡಿಸಬೇಕು.”

ಎರಡು ಸಾಲು ಬರೆದ ವಿಳಾಸದ ಮುಂದೆ ಹೀಗಿತ್ತು: “ರಟ್ಟಕ್ಕ. ಕಲ್ಲು. ಮಟ್ಟ ಮಾಡಿ ಕೊಡಬೇಕು. ತಪ್ಪು ನನ್ನದೇ.”

ರಟ್ಟಕ್ಕ ಯಾರೆಂದು ಅವಳಿಗೆ ಗೊತ್ತಿತ್ತು. ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಹೆಂಗಸು. ಅವಳ ಎಂ.ಎ. ಪ್ರಬಂಧಕ್ಕೂ ಅವರೇ ರಟ್ಟು ಹಾಕಿದ್ದರು, “ಇಷ್ಟೊಂದು ಬರೀಬೇಕಿತ್ತಾ?” ಎಂದು ಕೇಳಿ. ಕಲ್ಲು ಯಾವುದೆಂದು ಹೊಳೆಯಲು ಒಂದು ಕ್ಷಣ ಹಿಡಿಯಿತು. ಆಮೇಲೆ ಕಿಟಕಿಯ ಕಡೆ ನೋಡಿದಳು.

ಸಾಣೆಕಲ್ಲು ಎರವಲು ತಂದವರು ಅದನ್ನು ತಂದಷ್ಟೇ ಮಟ್ಟವಾಗಿ ಹಿಂದಿರುಗಿಸಬೇಕು. ಆ ಕಸುಬಿನ ಮರ್ಯಾದೆ ಇರುವುದೇ ಅದರಲ್ಲಿ. ಉಜ್ಜಿ ಉಜ್ಜಿ ನಡುವೆ ತಗ್ಗು ಬಿದ್ದ ಕಲ್ಲಿನ ಮೇಲೆ ಯಾವ ಚಾಕುವಿನ ಬಾಯಿಯೂ ನೇರ ಬರುವುದಿಲ್ಲ. ಸ್ಕೇಲ್ ತಂದು ಕಲ್ಲಿನ ಮೇಲೆ ಅಡ್ಡ ಇಟ್ಟಳು. ನಡುವೆ ಬಿದಿಗೆಯ ಚಂದ್ರನಷ್ಟು ಬೆಳಕು. “ಭಾನುವಾರ ಮಟ್ಟ ಮಾಡ್ತೀನಿ” ಎಂದು ಅವನು ಇದನ್ನು ಮನೆಗೆ ತಂದದ್ದು ನೆನಪಾಯಿತು. ನೂರು ಭಾನುವಾರ ಕಳೆದವು. ಅಷ್ಟರಲ್ಲಿ ಗಾಳಿ ಬೀಸಿತು, ಕಿಟಕಿ ಬಡಿಯಿತು, ಕಲ್ಲಿಗೆ ಬೇರೆ ಕೆಲಸ ಸಿಕ್ಕಿತು. ಇಟ್ಟವಳು ಅವಳೇ.

ಪಟ್ಟಿ ಮುಚ್ಚುವ ಮುನ್ನ ಇನ್ನೊಂದು ಯೋಚನೆ ಬಂತು. ಮಲಗಿದವರಿಗೆ ಮಾತ್ರ ಹೋದ ಮೇಲ್ ತನಗೇಕೆ ಬಂತು? ತನ್ನ ವಿಳಾಸ ಹುಡುಕಿದಳು. ಏಳು ತಿಂಗಳಿಂದ ಗಂಡನ ಒಂದು ಮೇಲನ್ನೂ ತೆಗೆದಿರಲಿಲ್ಲ. ಪ್ರತಿ ತಿಂಗಳು ಪಟ್ಟಿ ನೋಡುವಾಗ ಅವನಿಗೆ ಅದು ಕಂಡೇ ಇರುತ್ತದೆ. ಷರಾ: “ಮನೆಯವಳು. ಊಟಕ್ಕೆ ಕೂತಾಗ ಹೇಳಿದರಾಯಿತು.”

ಅವನು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಬೆಳಗ್ಗಿನಿಂದ ಭಾವನಿಗೂ ಆ ನಲವತ್ತು ಜನಕ್ಕೂ ಧಾರಾಳವಾಗಿ ಹಂಚಿದ ತಿರಸ್ಕಾರದಲ್ಲಿ ತನಗೂ ಒಂದು ಪಾಲು ಎತ್ತಿಟ್ಟುಕೊಂಡಳು. ದೊಡ್ಡ ಪಾಲೇ.

ಮಾರನೆಯ ದಿನ ಅಂಗಡಿಯಿಂದ ಗಾಜಿನ ಹಲಗೆ, ಮರಳುಕಾಗದ ತಂದಳು. ಗಂಡ ಮಾಡುವುದನ್ನು ನೋಡಿದ್ದಳು, ಕೈಯಿಂದ ಮಾಡಿರಲಿಲ್ಲ. ಕಲ್ಲಿನ ಮೈತುಂಬ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಗಾಜಿನ ಮೇಲೆ ಒದ್ದೆ ಮರಳುಕಾಗದ ಹಾಸಿ, ಗೆರೆ ಎಲ್ಲ ಅಳಿಯುವವರೆಗೆ ಕಲ್ಲನ್ನು ತಿಕ್ಕಬೇಕು. ಅಂಚಿನ ಗೆರೆಗಳು ಬೇಗ ಹೋದವು. ನಡುವಿನವು ಹೋಗಲಿಲ್ಲ. ತಗ್ಗಿನಲ್ಲಿ ಕೂತ ಗೆರೆ ಅಂದರೆ ಹಟಮಾರಿ ನೆಂಟನ ಹಾಗೆ; ಎಬ್ಬಿಸಬೇಕಾದರೆ ಸುತ್ತಲಿನದೆಲ್ಲ ಇಳಿಯಬೇಕು. ಎರಡು ದಿನ ತಿಕ್ಕಿದಳು. ಬೂದು ಕೆಸರು ಮೊಣಕೈವರೆಗೆ ಹರಿಯಿತು.

ಗುರುವಾರ ಭಾವ ಬಂದ. “ಬರೆದ್ಯಾ?”

ಲ್ಯಾಪ್‌ಟಾಪ್ ಮುಂದಿಟ್ಟಳು. ಭಾವ ಗಟ್ಟಿಯಾಗಿ ಓದಿದ:

“ಸಾಣೆಯವರು ತೀರಿಕೊಂಡಿದ್ದಾರೆ. ಸೋಮವಾರ ಬಂದ ಮೇಲ್ ಅವರದಲ್ಲ. ನಿಮ್ಮ ಕತ್ತರಿ, ಚಾಕು ನಮ್ಮಲ್ಲಿ ಉಳಿದಿದ್ದರೆ ಬಂದು ಒಯ್ಯಿರಿ. ಯಾವ ಉಚಿತವೂ ಇಲ್ಲ. ನಮ್ಮಿಂದ ಇನ್ನೂ ಮೇಲ್ ಬೇಕೆಂದರೆ ‘ಇರಲಿ’ ಎಂದು ಒಂದು ಮಾತು ಬರೆಯಿರಿ. ಬರೆಯದವರ ಹೆಸರನ್ನು ಶನಿವಾರ ತೆಗೆಯುತ್ತೇನೆ. ಇತಿ, ಅವರ ಹೆಂಡತಿ.”

“ಇದೇನಮ್ಮ ಇದು, ಕೋರ್ಟ್ ನೋಟೀಸ್ ಇದ್ದ ಹಾಗಿದೆ! ಇದನ್ನ ಕಳಿಸಿದ್ರೆ ಅಂಗಡಿ ಮುಳುಗಿತು ಅಂತಲೇ.”

“ಬೆಳಗ್ಗೆನೇ ಕಳಿಸ್ದೆ.”

“ಯಾರನ್ನ ಕೇಳಿ?”

“ನೀವು ಕಳಿಸೋವಾಗ ಯಾರನ್ನ ಕೇಳಿದ್ರೋ ಅವರನ್ನೇ. ಪಾಸ್‌ವರ್ಡೂ ಬದಲಾಯಿಸಿದ್ದೀನಿ ಭಾವ.”

ಭಾವ ತೆರೆಯತ್ತ ಬಾಗಿ ನೋಡಿದ. “ತೊಂಬತ್ತು ಜನ ‘ಇರಲಿ’ ಅಂದಿದ್ದಾರೆ. ಸಾವಿರದ ಎಂಟುನೂರಕ್ಕೆ ಬರೀ ತೊಂಬತ್ತು!”

“ಎಚ್ಚರ ಇರೋರು ಅಷ್ಟೇ. ಮಿಕ್ಕವರು ಮಲಗ್ಲಿ ಬಿಡಿ, ಪಾಪ.”

“ಆ ತೊಂಬತ್ತು ಜನ ಬಂದರೆ ಸಾಣೆ ಹಿಡಿಯೋರು ಯಾರು? ನೀನಾ?” ಎಂದು ನಕ್ಕ ಭಾವನ ಕಣ್ಣು ಅವಳ ಕೈಯ ಮೇಲೆ ಬಿತ್ತು. ಉಗುರಿನ ಸಂದಿಯಲ್ಲೆಲ್ಲ ಬೂದು ಕೆಸರು. ನಗು ಅರ್ಧಕ್ಕೇ ನಿಂತಿತು. “ಏನ್ ಮಾಡ್ತಿದ್ದೀಯಮ್ಮ ನೀನು?”

“ಕಲ್ಲು ಮಟ್ಟ ಮಾಡ್ತಿದ್ದೀನಿ. ಚಪ್ಪಲಿ ಆಚೆ ಬಿಡಿ, ಕೆಸರಾಗುತ್ತೆ.”

ಶನಿವಾರ ಬೆಳಗ್ಗೆ ಹೆಸರುಗಳನ್ನು ತೆಗೆದಳು. ಕೈ ನಡುಗುವ ದರ್ಜಿಯ ವಿಳಾಸವನ್ನು ಮೊದಲು ಒಂದು ಚೀಟಿಗೆ ಇಳಿಸಿಕೊಂಡಳು. ಆಮೇಲೆ ಕಲ್ಲನ್ನು ಹಳೆಯ ಟವೆಲಿನಲ್ಲಿ ಸುತ್ತಿ ರಟ್ಟಕ್ಕನಲ್ಲಿಗೆ ಹೋದಳು.

ಅಂಟಿನ ವಾಸನೆಯ ಉದ್ದನೆಯ ಕೋಣೆ. ಕಬ್ಬಿಣದ ಒತ್ತುಯಂತ್ರದಲ್ಲಿ ಎರಡು ದಪ್ಪ ಪುಸ್ತಕಗಳು ಸಿಕ್ಕಿಕೊಂಡಿದ್ದವು. ರಟ್ಟಕ್ಕ ಕನ್ನಡಕದ ಮೇಲಿನಿಂದ ನೋಡಿದರು.

“ಎರಡನೇ ಮೇಲ್ ನಿಂದಾ?”

“ಹೂಂ.”

“ಮೊದಲನೇದು?”

“ನಮ್ಮ ಭಾವಂದು.”

“ಅಂದ್ಕೊಂಡೆ. ‘ನಿಮ್ಮ ನೆನಪು ಕಾಡುತ್ತೆ’ ಅಂತೆ. ಕಾಡಿದ್ದಿದ್ರೆ ಕಲ್ಲು ತಂದುಕೊಡ್ತಿದ್ದ. ಎರಡು ದಿನಕ್ಕೆ ಅಂತ ಒಯ್ದದ್ದು. ಎಲ್ಲಿತ್ತು?”

“ಅಡುಗೆಮನೆ ಕಿಟಕೀಲಿ, ಬಾಗಿಲು ಬಡಿಯದ ಹಾಗೆ ಇಟ್ಟಿದ್ದೆ. ನಾನೇ.”

ಹೇಳಬೇಕಾದ್ದನ್ನೆಲ್ಲ ರಟ್ಟಕ್ಕನ ಮುರಿದ ಮೂಗೇ ಹೇಳಿತು.

“ತಪ್ಪು ನನ್ನದೇ ಅಂತ ಬರೆದಿಟ್ಟಿದ್ರು,” ಎಂದಳು ಅವಳು. “ಷರಾದಲ್ಲಿ.”

“ಬರೆದಿಡೋ ಬದಲು ಬಂದು ಹೇಳಿದ್ರೆ ಒಂದು ಲೋಟ ಕಾಫಿ ಕೊಡ್ತಿದ್ದೆ. ಕಲ್ಲು ತಗ್ಗಾದ್ರೆ ಏನು, ನಾನು ತಿಂದುಬಿಡ್ತಿದ್ನಾ? ಕೊಡಿಲ್ಲಿ.”

ಟವೆಲ್ ಬಿಚ್ಚಿ, ಕಲ್ಲನ್ನು ಅಂಗೈಯಲ್ಲಿಟ್ಟು ತೂಗಿದರು. ಉಕ್ಕಿನ ಸ್ಕೇಲನ್ನು ಅದರ ಮೇಲೆ ನಿಲ್ಲಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಉದ್ದಕ್ಕೆ ನೋಡಿದರು. ಅಡ್ಡಕ್ಕೆ ನೋಡಿದರು. ಮೂಲೆಯಿಂದ ಮೂಲೆಗೆ ನೋಡಿದರು. ಅವಳು ಪರೀಕ್ಷೆಯ ಕೋಣೆಯಲ್ಲಿ ನಿಂತ ಹಾಗೆ ನಿಂತಿದ್ದಳು.

“ಯಾರು ಮಟ್ಟ ಮಾಡಿದ್ದು?”

“ನಾನು.”

“ಈ ಮೂಲೇಲಿ ಕೂದಲೆಳೆಯಷ್ಟು ಬೆಳಕು ಬರ್ತಿದೆ.”

“ಕೊಡಿ, ಇನ್ನೊಂದು ದಿನ...” ಎಂದು ಕೈ ಚಾಚಿದಳು.

ರಟ್ಟಕ್ಕ ಕೊಡಲಿಲ್ಲ. “ಇನ್ನೊಂದು ದಿನ, ಇನ್ನೊಂದು ದಿನ. ಅವನೂ ಹೀಗೇ ಅಂದಿರ್ತಾನೆ.” ಕಲ್ಲನ್ನು ಮೇಜಿನ ಮೇಲೆ ಅದರ ಹಳೆಯ ಕಲೆಯ ಮೇಲೇ ಸರಿಯಾಗಿ ಕೂರಿಸಿ, ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿ, ಪುಸ್ತಕದ ಹೊದಿಕೆಗೆ ಚರ್ಮ ಸವರುವ ಚಾಕುವನ್ನು ಅದರ ಮೇಲೆ ಎಳೆಯತೊಡಗಿದರು.