ಹೊಯ್ದಾಡುವ ಬೋಟಿನ ಬಲಗಡೆಯ ಸೀಟು

ಅಡಿವೆಯ್ಯ ಸಾವ್ಕಾರರು ಮುಂಬೈಯಿಂದ ಹಳೆಯ ಫೈಬರ್ ಬೋಟೊಂದನ್ನು ಕೊಂಡು ತಂದದ್ದು ತೊಂಬತ್ತಮೂರರ ಮಳೆಗಾಲ ಮುಗಿದ ಮೇಲೆ. ಬೆಳಗಾವಿಯಿಂದ ಬಂದು ವಾಸ್ಕೋದಲ್ಲಿ ಅಂಗಡಿ ಹಾಕಿದ್ದ ಅವರು, ಅದಿರಿಗಾಗಿ ಬಂದರಿನ ಹೊರಗೆ ಕಾದು ನಿಂತ ಹಡಗುಗಳಿಗೆ ತರಕಾರಿ, ಹಿಟ್ಟು, ಹಣ್ಣು ಮುಟ್ಟಿಸುತ್ತಿದ್ದರು. ಹಳೆಯ ಮರದ ದೋಣಿ ಹೋಗಿ ಬರುವುದರೊಳಗೆ ಸೊಪ್ಪು ಬಾಡುತ್ತಿತ್ತು. ಹೊಸ ಬೋಟಿನ ತಳ ನೇಗಿಲ ಕುಳದಂತೆ ಚೂಪಾಗಿತ್ತು. ಹಿಂಬದಿಗೆ ನೇತುಬಿದ್ದ ದೊಡ್ಡ ಎಂಜಿನ್ನು ಶುರುವಾದರೆ ಜೆಟ್ಟಿಯ ಮೇಲಿನ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು.

ಅದನ್ನು ಓಡಿಸುವ ಕೆಲಸ ದಾನಪ್ಪನಿಗೆ ಬಂತು. ಅವನು ದಂಡೆಯ ಮೇಲಿನ ಬಾಯ್ನಾ ಕೇರಿಯಲ್ಲಿ ಹೆಂಡತಿ ಗಿರಿಜವ್ವನೊಂದಿಗೆ ಇದ್ದ. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದವನನ್ನು ಸಾವ್ಕಾರರೇ ಕರೆದು ದೋಣಿಗೆ ಹಾಕಿಕೊಂಡಿದ್ದರು. ಮರದ ದೋಣಿ ಅವನ ಮಾತು ಕೇಳುತ್ತಿತ್ತು. ಇದು ಕೇಳಲಿಲ್ಲ.

ನಿಧಾನ ಹೋದರೆ ಅದರಷ್ಟು ಸಾಧು ಬೋಟು ಇನ್ನೊಂದಿಲ್ಲ. ರೇಸು ಹೆಚ್ಚಿಸಿದಂತೆ ಮೂತಿ ಮೇಲೆದ್ದು, ಇಡೀ ಬೋಟು ತಳದ ತುದಿಯ ಒಂದಿಷ್ಟು ಜಾಗದ ಮೇಲೆ ನಿಂತುಬಿಡುತ್ತಿತ್ತು. ಆಗ ಶುರುವಾಗುತ್ತಿತ್ತು ಹೊಯ್ದಾಟ. ಮೊದಲು ಎಡಕ್ಕೆ ಸಣ್ಣಗೆ, ಆಮೇಲೆ ಬಲಕ್ಕೆ ಸ್ವಲ್ಪ ಜೋರಾಗಿ, ಮತ್ತೆ ಎಡಕ್ಕೆ ಇನ್ನೂ ಜೋರಾಗಿ. ಒಂದು ಬೆಳಿಗ್ಗೆ ದಾನಪ್ಪ ಹೆದರಿ ರೇಸನ್ನು ಒಮ್ಮೆಗೇ ಬಿಟ್ಟುಬಿಟ್ಟ. ಮೂತಿ ಧೊಪ್ಪನೆ ನೀರಿಗೆ ಬಿದ್ದು, ಟೊಮೆಟೊ ಬುಟ್ಟಿಗಳೆಲ್ಲ ಸಮುದ್ರದ ಪಾಲಾದವು. ಕೆಂಪಗೆ ತೇಲುತ್ತಿದ್ದ ಹಣ್ಣುಗಳಲ್ಲಿ ಕೈಗೆ ಸಿಕ್ಕಷ್ಟನ್ನು ಅವನು ಒಂದೊಂದಾಗಿ ಬೋಟಿಗೆ ಎತ್ತಿ ಹಾಕಿದ.

ಸಾವ್ಕಾರರು ಬೈಯಲಿಲ್ಲ. "ನಿನ್ನ ಕೈಲೆ ಆಗಲಿಲ್ಲಂದ್ರ ಹೇಳಿಬಿಡು ದಾನಪ್ಪ. ಪಣಜಿ ಕಡೆ ಇಂಥಾವು ಓಡ್ಸವ್ರು ಅದಾರ, ಒಬ್ಬನ್ನ ಕರಸ್ತೇನಿ. ನೀ ಮತ್ತ ಮರದ ದೋಣಿ ನೋಡ್ಕೊ," ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಖಾರೀವಾಡದ ಜೆಟ್ಟಿಯಲ್ಲಿ ಎಂಜಿನ್ನು ರಿಪೇರಿ ಮಾಡುತ್ತಿದ್ದ ಬಾಬುಸಾಬ ವಯಸ್ಸಾದವರು. ಬೋಟಿಗೆ ಹತ್ತಿ ವೀಲನ್ನು ಅತ್ತಿತ್ತ ಅಲ್ಲಾಡಿಸಿದರು. ವೀಲು ತಿರುಗುತ್ತಿತ್ತು, ಅದರ ಜೊತೆ ತಿರುಗಬೇಕಿದ್ದ ಹಿಂದಿನ ಎಂಜಿನ್ನು ಮಾತ್ರ ಅಲುಗಲಿಲ್ಲ.

"ನೋಡೋ ತಮ್ಮ, ಕೇಬಲ್ಲು ಸಡ್ಲ ಆಗೇತಿ. ನೀ ಇಲ್ಲಿ ತಿರುವಿದ್ದು ಅಲ್ಲಿ ಮುಟ್ಟೂದ್ರಾಗ ಬೋಟು ಮತ್ತೊಂದು ಮಗ್ಗಲಿಗೆ ಹೋಗಿರ್ತೈತಿ."

ಅವರು ಕೇಬಲ್ಲು ಬಿಗಿ ಮಾಡಿ, ಸವೆದ ಬುಶ್ಶು ಬದಲಿಸಿದರು. ಎಂಜಿನ್ನನ್ನು ಬೋಲ್ಟಿನ ಒಂದು ತೂತಿನಷ್ಟು ಕೆಳಗಿಳಿಸಿ ಕೂರಿಸಿದರು. ಈ ಬೋಟಿನಲ್ಲಿ ವೀಲು ಎಡಗಡೆಗಿತ್ತು. ನೀರೊಳಗಿನ ಪಂಖ ತಿರುಗುವ ರಭಸಕ್ಕೆ ಬೋಟು ಮೊದಲೇ ಎಡಕ್ಕೆ ವಾಲುತ್ತಿತ್ತು, ಅದರ ಮೇಲೆ ಓಡಿಸುವವನ ಭಾರವೂ ಅಲ್ಲೇ. ಬಾಬುಸಾಬ ಎಣ್ಣೆಯ ಟ್ಯಾಂಕನ್ನು ಬಲಕ್ಕೆ ಸರಿಸಿ ಕಟ್ಟಿದರು.

"ಇನ್ನ ಚಲೋ ಆಕ್ಕೈತೇನ್ರಿ ಚಾಚಾ?"

"ಅರ್ಧಾ ಆಕ್ಕೈತಿ. ಬಲಕ್ಕೊಬ್ರು ಕುಂತ್ರ ಇನ್ನೊಂದಿಷ್ಟು. ಉಳಿದದ್ದು ನಿನ್ನ ಕೈಯಾಗ."

ಮಾರನೆಯ ದಿನ ದಾನಪ್ಪ ಒಬ್ಬನೇ ಹೋಗಿ ನೋಡಿದ. ಹೊಯ್ದಾಟ ತಡವಾಗಿ ಶುರುವಾಯಿತು, ಆದರೆ ಶುರುವಾಯಿತು. ಅವನು ಮನೆಗೆ ಬಂದು ಊಟ ಬೇಡವೆಂದ. ಗಿರಿಜವ್ವ ಕಾರಣ ಕೇಳಿದಳು. ಎಲ್ಲ ಹೇಳಿದ.

"ಬಲಕ್ಕೊಬ್ರು ಕುಂದ್ರಬೇಕಂದ್ರ ನಾ ಬರ್ತೇನಿ," ಎಂದಳು.

"ಹುಚ್ಚಿ ಏನು? ಅದೇನು ಬಸ್ಸು ಅಂತ ತಿಳಿದಿಯೇನು?"

"ಮೂರು ಮಾಳಗಿ ಏರಿ ಕೆಲಸಾ ಮಾಡಿದಾಕಿ ನಾ. ನೀರಿಗೆ ಅಂಜ್ತೇನೇನ್ರಿ?"

ವಾಸ್ಕೋದಲ್ಲಿ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲಿ ಗಿರಿಜವ್ವ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ಬಿದಿರಿನ ಸಾರವೆ ಏರಿದವಳು. ದಾನಪ್ಪ ಒಪ್ಪಿದ. ಹೊತ್ತು ಮೂಡುವ ಮೊದಲು ಗಾಳಿ ಇರುವುದಿಲ್ಲ, ನೀರು ಎಣ್ಣೆಯಂತೆ ಮಲಗಿರುತ್ತದೆ. ಅಂಥ ಹೊತ್ತಿನಲ್ಲಿ ಇಬ್ಬರೂ ಹೊರಟರು. ಗಿರಿಜವ್ವ ಸೆರಗು ಬಿಗಿದು ಬಲಗಡೆಯ ಸೀಟಿನಲ್ಲಿ ಕೂತು, ಕಂಬಿಯನ್ನು ಎರಡೂ ಕೈಯಿಂದ ಹಿಡಿದಳು.

ವೇಗ ಏರಿತು. ಮೂತಿ ಎದ್ದಿತು. ಬೋಟು ಎಡಕ್ಕೆ ಸಣ್ಣಗೆ ವಾಲಿತು. ದಾನಪ್ಪ ಹಲ್ಲು ಕಚ್ಚಿ ವೀಲು ಎಳೆದ. ಬೋಟು ಬಲಕ್ಕೆ ಬಿತ್ತು. ಮತ್ತೆ ಎಳೆದ. ಅದು ಇನ್ನೂ ಜೋರಾಗಿ ಎಡಕ್ಕೆ ಬಿತ್ತು. ಅವನು ಮೆಲ್ಲಗೆ ರೇಸು ಇಳಿಸಿ ನಿಲ್ಲಿಸಿದ.

ಗಿರಿಜವ್ವ ಅವನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದಳು.

"ಒಂದ್ಮಾತು ಹೇಳ್ಲೇನ್ರಿ? ಅದು ವಾಲಿ ಮುಗಿದ ಮ್ಯಾಲೆ ನೀವು ಎಳಿಯಾಕತ್ತೀರಿ. ಅದೂ ಜಗ್ಗಿ ಎಳಿತೀರಿ. ತಲಿ ಮ್ಯಾಲಿನ ಬುಟ್ಟಿ ವಾಲಿದ್ದು ಕಣ್ಣಿಗೆ ಕಂಡ ಮ್ಯಾಲೆ ಹಿಡಿಯಾಕ ಹೋದ್ರ ಬಿದ್ದಾಂಗ. ಇನ್ನ ವಾಲಬೇಕು ಅನ್ನೂದ್ರಾಗ ನಡಾ ಒಂಚೂರು ಅಲುಗಿಸಿ ಸುಮ್ನ ಆಗ್ಬೇಕು. ಮೊದ್ಲು ನನಗೂ ಬರ್ತಿದ್ದಿಲ್ಲ. ಕುತ್ತಿಗಿ ಬಿರುಸು ಮಾಡ್ಕೊಂಡು ನಿಲ್ತಿದ್ನಿ."

ದಾನಪ್ಪನಿಗೆ ಸಿಟ್ಟು ಬಂತು. ಅವಳು ಹೇಳಿದ್ದು ನಿಜವಾಗಿದ್ದರಿಂದ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ತನ್ನ ಕೈಗಳನ್ನು ನೋಡಿಕೊಂಡ. ಮೂಟೆ ಎತ್ತಿದ ಹಾಗೆಯೇ ವೀಲನ್ನು ಹಿಡಿದಿದ್ದ, ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಕೈ ಕೊಡವಿ, ಈ ಸಲ ಬೆರಳುಗಳಿಂದ ಮಾತ್ರ ಹಿಡಿದು ಮತ್ತೆ ರೇಸು ಏರಿಸಿದ. ಕಣ್ಣನ್ನು ನೀರಿನ ಮೇಲಿಟ್ಟು, ತನ್ನ ಕುಂಡೆಯ ಕೆಳಗೆ ಬೋಟು ಏನು ಹೇಳುತ್ತದೆಂದು ಕಾದ. ವಾಲುವ ಮೊದಲೇ ಒಂದು ಸಣ್ಣ ಹಗುರತನ ತಿಳಿಯುತ್ತಿತ್ತು. ಆಗ ವೀಲನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ನಡುವಿಗೆ ತಂದ. ಬೋಟು ನಡುಗಿತು, ನೆಟ್ಟಗಾಯಿತು. ಮುಂದಿನ ಸುಳಿವು ತಪ್ಪಿತು. ಅದರ ಮುಂದಿನದು ಸಿಕ್ಕಿತು. ಸಿಗದಿದ್ದಾಗ ಏನು ಮಾಡಬೇಕೆಂಬುದನ್ನೂ ಕಲಿತ: ವೀಲಿನ ಪಕ್ಕದ ಗುಂಡಿ ಒತ್ತಿ ಎಂಜಿನ್ನನ್ನು ಒಳಕ್ಕೆ ವಾಲಿಸಿದರೆ ಮೂತಿ ಕೆಳಗಿಳಿದು ಬೋಟಿನ ಹೊಟ್ಟೆ ನೀರಿಗೆ ತಾಗುತ್ತಿತ್ತು, ರೇಸನ್ನು ಹಂತಹಂತವಾಗಿ ಇಳಿಸಿದರೆ ಹೊಯ್ದಾಟ ತಾನೇ ಸೋಲುತ್ತಿತ್ತು.

ಹಲವು ಬೆಳಗುಗಳು ಹೀಗೆ ಹೋದವು. ಗಿರಿಜವ್ವ ಕೆಲಸಕ್ಕೆ ಹೋಗುವ ಮೊದಲು ಬಂದು ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅಡಿವೆಯ್ಯನವರೂ ಬೋಟಿನಲ್ಲಿ ಬಂದಿದ್ದರು. ಹಡಗಿಗೆ ಸಾಮಾನು ಏರಿಸುತ್ತಿದ್ದಾಗ ಮೇಲಿನಿಂದ ಕೂಗಾಟ ಕೇಳಿತು. ಸರಕು ತುಂಬುವ ಕೋಣೆಯ ಕಬ್ಬಿಣದ ಮುಚ್ಚಳದ ಕೆಳಗೆ ಹಡಗಿನ ಒಬ್ಬ ಖಲಾಸಿಯ ಕೈ ಸಿಕ್ಕಿ ಜಜ್ಜಿಹೋಗಿತ್ತು. ಬಟ್ಟೆ ಸುತ್ತಿ ಅವನನ್ನು ಇದೇ ಬೋಟಿಗೆ ಇಳಿಸಿದರು. ಬಟ್ಟೆ ಆಗಲೇ ನೆನೆದು ಕೆಂಪಾಗಿತ್ತು.

ದಾನಪ್ಪ ಖಲಾಸಿಯನ್ನು ಬಲಗಡೆಗೆ ಮಲಗಿಸಿ, ಅವನ ತಲೆಯ ಹತ್ತಿರ ಸಾವ್ಕಾರರನ್ನು ಕೂರಿಸಿದ. ಖಲಾಸಿಯ ತಲೆ ತೊಡೆಯ ಮೇಲಿಟ್ಟುಕೊಂಡು ಅಡಿವೆಯ್ಯ, "ಓಡ್ಸಪಾ, ಓಡ್ಸು," ಎಂದರು.

ಓಡಿಸಿದ. ಬಯಲು ನೀರಿನಲ್ಲಿ ಬೋಟು ಹಿಂದೆಂದೂ ಓಡದಷ್ಟು ಓಡಿತು. ಗಾಳಿ ಎದ್ದಿತ್ತು. ಹೊಯ್ದಾಟ ಶುರುವಾಗುವ ಸುಳಿವು ಮೈಗೆ ತಾಗಿತು. ಅವನು ಬೆರಳಿನಿಂದ ಸ್ವಲ್ಪ ಮುಟ್ಟಿ, ಬಿಟ್ಟ. ಮತ್ತೆ ಮುಟ್ಟಿ, ಬಿಟ್ಟ. ಸಾವ್ಕಾರರಿಗೆ ಅದು ಗೊತ್ತೂ ಆಗಲಿಲ್ಲ.

ಬಂದರಿನ ಕಲ್ಲಿನ ಕಟ್ಟೆ ಹತ್ತಿರವಾದಂತೆ ಅಲೆಗಳು ಕಟ್ಟೆಗೆ ಬಡಿದು ಅಡ್ಡಾದಿಡ್ಡಿ ತಿರುಗಿ ಬರುತ್ತಿದ್ದವು. ದಾನಪ್ಪ ಮೂತಿ ಇಳಿಸಿ, ರೇಸು ಇಳಿಸಿದ.

"ಯಾಕ ನಿಧಾನ ಮಾಡಾಕತ್ತಿ? ರಕ್ತ ನಿಲ್ಲವಲ್ತು ನೋಡಿಲ್ಲಿ!"

"ಇಲ್ರಿ ಸಾವ್ಕಾರ್ರ. ಈ ನೀರಾಗ ಓಡ್ಸಿದ್ರ ನಾವು ಮೂರೂ ಮಂದಿ ದಂಡಿ ಮುಟ್ಟೂದಿಲ್ಲ. ಗಟ್ಟಿ ಹಿಡೀರಿ."

ಅಡಿವೆಯ್ಯ ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದರಿಂದ ಖಲಾಸಿಯನ್ನು ಅವುಚಿಕೊಂಡರು. ಕಟ್ಟೆ ದಾಟಿದ ಮೇಲೆ ನೀರು ಶಾಂತವಾಯಿತು, ಬೋಟು ಮತ್ತೆ ಓಡಿತು. ಜೆಟ್ಟಿಯಲ್ಲಿ ಬಾಬುಸಾಬ ರಿಕ್ಷಾ ಕೂಗಿ ಕರೆದರು. ಖಲಾಸಿಯ ಎರಡು ಬೆರಳು ಹೋದವು, ಕೈ ಉಳಿಯಿತೆಂದು ಆಮೇಲೆ ತಿಳಿಯಿತು. ಪಣಜಿಯ ಡ್ರೈವರನ ಸುದ್ದಿಯನ್ನು ಸಾವ್ಕಾರರು ಮತ್ತೆ ಎತ್ತಲಿಲ್ಲ.

ಸಂಜೆ ಗಿರಿಜವ್ವ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಅಂಜಿದ್ರೇನು?"

"ಅಂಜಿದ್ನಿ. ಕೈ ಮಾತ್ರ ಅಂಜಲಿಲ್ಲ."

ಅವಳು ರೊಟ್ಟಿ ಮಗುಚಿ ಹಾಕಿದಳು. "ಐತವಾರ ನನಗೂ ಒಮ್ಮಿ ಆ ವೀಲು ಹಿಡ್ಯಾಕ ಕೊಡ್ರಿ," ಎಂದಳು.

ದಾನಪ್ಪ ನಕ್ಕ. ಭಾನುವಾರ ಬೆಳಿಗ್ಗೆ ಸಾವ್ಕಾರರನ್ನು ಕೇಳಿಕೊಂಡು, ದಂಡೆಯ ಹತ್ತಿರದ ಶಾಂತ ನೀರಿನಲ್ಲಿ ಅವಳ ಕೈಗೆ ವೀಲು ಕೊಟ್ಟು, ತಾನು ಬಲಗಡೆಯ ಸೀಟಿನಲ್ಲಿ ಕೂತ. ಅವಳು ನಿಧಾನವಾಗಿ, ನೆಟ್ಟಗೆ ನಡೆಸಿದಳು. ಅಲ್ಲಿಂದ ಬಾಯ್ನಾದ ಮನೆಗಳು ಸಣ್ಣದಾಗಿ ಕಾಣುತ್ತಿದ್ದವು. ತಮ್ಮ ಮನೆ ಯಾವುದೆಂದು ಇಬ್ಬರೂ ಹುಡುಕತೊಡಗಿದರು.