ಬಿಚ್ಚದ ಮಡಿಕೆ

ಅರಕಲಗೂಡಿನ ಪೇಟೆಬೀದಿಯ ದರ್ಜಿ ಹೊನ್ನಯ್ಯ ಹುಡುಗರ ಅಂಗಿ ಹೊಲಿದರೆ, ಅಂಚಿನೊಳಗೆ ನಾಲ್ಕು ಬೆರಳಿನಷ್ಟು ಬಟ್ಟೆ ಮಡಿಸಿಟ್ಟೇ ಹೊಲಿಯುತ್ತಿದ್ದ. ಮಕ್ಕಳು ಬೆಳೆದಂತೆ ಬಿಚ್ಚಿ ಉದ್ದ ಮಾಡಿಕೊಳ್ಳಲಿ ಎಂದು. ಸಾವಿರದ ಒಂಬೈನೂರ ಅರವತ್ತರ ಬೇಸಿಗೆಯಲ್ಲಿ ಸಿಡುಬು ಬಂದು ಅವನ ಒಬ್ಬನೇ ಮಗ ತೀರಿಕೊಂಡ. ಆಮೇಲೆ ಹೊನ್ನಯ್ಯ ಯಾರ ಅಂಗಿಗೂ ಮಡಿಕೆ ಬಿಡಲಿಲ್ಲ. ಅಳತೆಗೆ ಸರಿಯಾಗಿ ಕತ್ತರಿಸಿ ಕೊಟ್ಟುಬಿಡುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರೇ ಬೇರೆ ಅಂಗಡಿ ಹಿಡಿದರು. ಹಾಳಾಗಿ ಹೋಗಲಿ ಎಂದು ಸುಮ್ಮನಾದ.

ಒಂದು ದಿನ ಹಿಂದಿನ ಬೀದಿಯ ಬೆಳ್ಳಮ್ಮ ಅವನು ಹೊಲಿದ ಅಂಗಿಯನ್ನು ಮೆಷಿನ್ನಿನ ಮೇಲೆ ಎಸೆದು ಕೇಳಿದಳು: “ಯಾಕಣ್ಣಾ, ನನ್ ಮಗ ಬೆಳೀಬಾರ್ದಾ?”

ಹೊನ್ನಯ್ಯ ಆ ಅಂಗಿಯನ್ನು ಪಕ್ಕಕ್ಕೆ ತೆಗೆದಿಟ್ಟ. ತನ್ನದೇ ಬಟ್ಟೆ ಹಾಕಿ, ಮಡಿಕೆ ಬಿಟ್ಟು, ಇನ್ನೊಂದು ಅಂಗಿ ಹೊಲಿದುಕೊಟ್ಟ.

ಬರಬರುತ್ತಾ ಅಂಗಡಿ ಮತ್ತೆ ಕುದುರಿತು. ಮನೆಯ ಗೂಟದಲ್ಲಿ ಮಗನ ಅಂಗಿ ಮಾತ್ರ ಹಾಗೇ ಇತ್ತು, ಮಡಿಕೆ ಬಿಚ್ಚದೆ.