ತಾಯಪ್ಪನ ಅದಲಾಬದಲಿ

ಸುರಪುರದ ವಾಲಿಬಾಲ್ ತಂಡದಲ್ಲಿ ಚಪ್ಪಾಳೆ ಬೀಳುತ್ತಿದ್ದದ್ದು ನೆಟ್ಟಿನ ಹತ್ತಿರ ಜಿಗಿದು ಹೊಡೆಯುವವರಿಗೆ. ಹಿಂದಿನ ಮೂಲೆಯಲ್ಲಿ ಮೊಣಕಾಲು ಬಗ್ಗಿಸಿ ನಿಂತಿರುತ್ತಿದ್ದ ದೇವಾಪುರದ ತಾಯಪ್ಪನ ಕಡೆ ಯಾರೂ ನೋಡುತ್ತಿರಲಿಲ್ಲ. ಆದರೆ ತಂಡ ಕಟ್ಟುವವರಿಗೆ ಅವನ ಬೆಲೆ ಗೊತ್ತಿತ್ತು. ಎದುರಿನವರ ಸರ್ವಿಸನ್ನು ಮೊದಲು ಎತ್ತುವ ಕೈ ಗಟ್ಟಿ ಇಲ್ಲದಿದ್ದರೆ ಮುಂದಿನವರು ಎಷ್ಟು ಜಿಗಿದರೂ ಜಿಗಿದದ್ದೇ ಬಂತು. ಅಂಥವನಿಗೆ ರಿಸೀವರ್ ಅನ್ನುತ್ತಿದ್ದರು. ಆ ಕಾಲಕ್ಕೆ ನಮ್ಮ ಟೂರ್ನಮೆಂಟುಗಳಲ್ಲಿ ಆಟಗಾರರು ಜಾಗ ಬದಲಿಸುತ್ತಿರಲಿಲ್ಲ. ರಿಸೀವರ್ ಆದವನು ಕೊನೆಯವರೆಗೂ ರಿಸೀವರೇ.

ಕೆನಾಲಿನ ನೀರು ಬಂದು ಕೆಲವು ವರ್ಷವಾಗಿತ್ತು. ನೀರಿನ ಜೊತೆ ಭತ್ತ ಬೆಳೆಯುವ ವಲಸಿಗರ ಕ್ಯಾಂಪುಗಳು ಬಂದವು, ಕ್ಯಾಂಪಿನ ಜನ ಸಂಜೆ ನೆಟ್ಟು ಕಟ್ಟಿದರು, ಅವರನ್ನು ನೋಡಿ ಊರೂರಲ್ಲಿ ತಂಡಗಳು ಎದ್ದವು. ಹತ್ತಿ ಬಿಡಿಸಿ ಮುಗಿದ ಮೇಲೆ ಯಾದಗಿರಿಯಲ್ಲಿ ದೊಡ್ಡ ಟೂರ್ನಮೆಂಟು. ಸುರಪುರದ ತಂಡ ನಡೆಸುತ್ತಿದ್ದವರು ಭೀಮರಾಯ, ಕೆನಾಲಿನ ಹೂಳು ತೆಗೆಸುವ ಗುತ್ತಿಗೆದಾರರು. ತಾಯಪ್ಪ ಅವರ ಕೈಕೆಳಗೇ ಕೂಲಿ. ಹಗಲು ಅವರ ಕೆನಾಲಿನಲ್ಲಿ ಹೂಳು ಎತ್ತುತ್ತಿದ್ದ, ಸಂಜೆ ಅವರ ತಂಡಕ್ಕೆ ಚೆಂಡು ಎತ್ತುತ್ತಿದ್ದ.

ಆ ಶನಿವಾರ ಸಂಜೆ ತಾಯಪ್ಪ ಕೆನಾಲ್ ದಂಡೆಯ ಮೇಲೆ ಕೈಕಾಲು ತೊಳೆಯುತ್ತಿದ್ದಾಗ ರಸ್ತೆಯಲ್ಲಿ ಬಸ್ಸಿಳಿದು ಒಬ್ಬ ಓಡಿಕೊಂಡು ಬಂದ. ಶಹಾಪುರ ತಂಡದ ಮನ್ಸೂರಅಲಿ. ಮೈದಾನದಲ್ಲಿ ನೆಟ್ಟಿನ ಆಚೆ ಈಚೆ ನಿಂತು ಎಷ್ಟೋ ಸಲ ಒಬ್ಬರನ್ನೊಬ್ಬರು ನೋಡಿದ್ದರು; ಮಾತಾಡಿದ್ದು ಕಡಿಮೆ. ಮನ್ಸೂರ ಲಿಫ್ಟರ್, ಹೊಡೆಯುವವನ ಕೈಗೆ ಸರಿಯಾಗಿ ಚೆಂಡು ಎತ್ತಿಕೊಡುವವನು. ಹೊಟ್ಟೆಪಾಡಿಗೆ ಅಯ್ಯಣ್ಣ ಸಾಹುಕಾರರ ಹತ್ತಿ ಕೊಳ್ಳುವ ಅಡತಿ ಅಂಗಡಿಯಲ್ಲಿ ತೂಕದ ಕೆಲಸ. ಶಹಾಪುರದ ತಂಡವೂ ಆ ಸಾಹುಕಾರರದೇ.

"ತಾಯಪ್ಪಣ್ಣ, ನಿಂಗ ಸುದ್ದಿ ಗೊತ್ತೈತೇನು?" ಮನ್ಸೂರ ತೇಕುತ್ತಿದ್ದ. "ನಾಳಿ ಯಾದಗಿರ್‌ದಾಗ ನಿನ್ನ ಶಹಾಪುರಕ್ಕ ಕೊಡ್ತಾರ. ನನ್ನ ಸುರಪುರಕ್ಕ. ಅದಲಾಬದಲಿ. ನಮ್ಮ ಸಾವ್ಕಾರ, ನಿಮ್ಮ ಧಣಿ ಇಬ್ರೂ ಮಾತಾಡಿ ಮುಗಿಸ್ಯಾರ."

ತಾಯಪ್ಪ ನೀರಲ್ಲಿ ಕೈ ಇಟ್ಟುಕೊಂಡೇ ನಿಂತ. "ಮುಂಜಾನಿ ಧಣ್ಯಾರ ಮನಿಗೆ ಹೋಗಿದ್ನಲ್ಲ. ಏನೂ ಹೇಳಲಿಲ್ಲ."

"ಯಾಕ ಹೇಳ್ತಾರ? ನಂಗೂ ಹೇಳಿಲ್ಲ. ಅಂಗಡ್ಯಾಗ ಅವರವರೇ ಮಾತಾಡಾಕತ್ತಿದ್ರು, ನಾ ತಕ್ಕಡಿ ಹಂತ್ಯಾಕ ನಿಂತು ಕೇಳಿದ್ನಿ." ಮನ್ಸೂರ ದಂಡೆಯ ಮೇಲೆ ಕುಸಿದು ಕೂತ. "ಅಮ್ಮೀಗೆ ಕಣ್ಣು ಕಾಣಂಗಿಲ್ಲ ಅಣ್ಣಾ. ದಿನಾ ಸಂಜಿ ಸುರಪುರಕ್ಕ ಪ್ರಾಕ್ಟೀಸಿಗೆ ಬಂದ್ರ ಆಕಿನ್ನ ಯಾರು ನೋಡ್ತಾರ? ನಾ ಒಲ್ಲೆ ಅಂದ್ರ ನಾಳಿಂದ ಸಾವ್ಕಾರ ತಕ್ಕಡಿ ಮುಟ್ಟಗೊಡಂಗಿಲ್ಲ. ನೀ ಒಲ್ಲೆ ಅನ್ನು. ನೀ ಅಂದ್ರ ಅದಲಾಬದಲಿ ಮುರೀತೈತಿ."

"ನನಗ್ಯಾರು ಕೂಲಿ ಕೊಡ್ತಾರ ಆಮ್ಯಾಲ?"

ಮನ್ಸೂರ ತಲೆ ತಗ್ಗಿಸಿದ. "ಅದೂ ಖರೇನ" ಅಂದ. ಬಂದ ದಾರಿಯಲ್ಲೇ ತಿರುಗಿ ಹೋದ.

ತಾಯಪ್ಪನಿಗೆ ಶಹಾಪುರದ ಮೇಲೆ ಸಿಟ್ಟಿರಲಿಲ್ಲ. ಕೇಳಿದ್ದರೆ ಹೋಗುತ್ತಿದ್ದನೋ ಏನೋ. ಕೇಳಲಿಲ್ಲವಲ್ಲ ಅನ್ನುವುದೇ ಅವನ ಸಿಟ್ಟು. ಮನೆಗೆ ಬಂದು ಹೆಂಡತಿ ಬಾಲಮ್ಮನಿಗೆ ಹೇಳಿದ. ಆಕೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ನನ್ನ ಮದಿವಿ ಮಾಡುವಾಗ ನಮ್ಮಪ್ಪ ಸೈತ ಕೇಳಿದ್ದ, ಹೂಂ ಅಂತೀ ಏನವ್ವಾ ಅಂತ. ಗಂಡಸು ನೀನು, ನಿನ್ನ ಯಾರೂ ಕೇಳಲಿಲ್ಲೇನು?"

"ಒಲ್ಲೆ ಅಂದ್ರ ಕೆಲಸ ಹೋಗ್ತದ."

"ಹೋಗ್ತದ. ಆ ಭಯ ನಂಗೂ ಐತಿ." ಮತ್ತೆ ರೊಟ್ಟಿ ಬಡಿಯುತ್ತ ಹೇಳಿದಳು: "ಆದ್ರ ನೀ ಇವತ್ತು ಹೂಂ ಅಂದ್ರ ದಿನಾ ಇದ ಮಾರಿ ಹೊತ್ಕೊಂಡು ಮನಿಗೆ ಬರ್ತಿ. ಅದನ್ನ ನೋಡಾಕ ನಂಗಾಗಂಗಿಲ್ಲ."

ಯಾದಗಿರಿ ಕಮಿಟಿಯ ಕಟ್ಟಳೆ ಹೀಗಿತ್ತು. ಹಿಂದಿನ ವರ್ಷ ಆಡಿದವನು ಈ ವರ್ಷವೂ ಅದೇ ತಂಡದವನು. ಎರಡು ತಂಡದ ಹಿರಿಯರು ಒಪ್ಪಿ ಮೇಜಿನ ಮುಂದೆ ಹೇಳಿದರೆ ಆಟಗಾರರನ್ನು ಅದಲಾಬದಲಿ ಮಾಡಬಹುದು, ಆಟಗಾರನನ್ನು ಕೇಳಬೇಕೆಂದಿಲ್ಲ. ಆದರೆ ಅವರು ಹೇಳುವುದಕ್ಕೆ ಮೊದಲು ಆಟಗಾರನೇ ಬಂದು 'ತಂಡ ಬಿಟ್ಟೀನಿ' ಅಂದರೆ ಅವನು ಖುಲ್ಲಾ, ಯಾರು ಕರೆದರೂ ಹೋಗಬಹುದು. ಪಂದ್ಯಗಳ ಚೀಟಿ ಎತ್ತುವುದರೊಳಗೆ ಯಾರೂ ಕರೆಯದಿದ್ದರೆ ಆ ವರ್ಷ ಆಟವೇ ಇಲ್ಲ. ಖುಲ್ಲಾ ಆಗುವ ಧೈರ್ಯ ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ.

ಭಾನುವಾರ ಮುಂಜಾನೆ ತಾಯಪ್ಪ ಮೊದಲ ಬಸ್ಸು ಹಿಡಿದ. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತೇ ನಿಂತಿತು. ಡ್ರೈವರ್ ಚಹಾಕ್ಕೆ ಹೋದವನು ಬರಲಿಲ್ಲ. ಕಿಟಕಿಯಿಂದ ನೋಡುತ್ತಿದ್ದಂತೆ ಅಯ್ಯಣ್ಣ ಸಾಹುಕಾರರ ಜೀಪು ಅಡತಿಯ ಓಣಿಯಿಂದ ಹೊರಬಿತ್ತು. ಮುಂದೆ ಸಾಹುಕಾರರು, ಪಕ್ಕದಲ್ಲಿ ಭೀಮರಾಯ, ಹಿಂದೆ ಮುದುಡಿ ಕೂತ ಮನ್ಸೂರ. ಜೀಪು ಯಾದಗಿರಿ ರಸ್ತೆ ಹಿಡಿದು ಧೂಳಲ್ಲಿ ಮರೆಯಾಯಿತು. ಇಳಿದು ಮನೆಗೆ ಹೋಗಿಬಿಡಲೇ ಅಂತ ಎದ್ದು ನಿಂತ. ಅಷ್ಟರಲ್ಲಿ ಡ್ರೈವರ್ ಬಂದ, ಬಸ್ಸು ಹೊರಟಿತು. ಬಾಗಿಲ ಹತ್ತಿರ ಕಂಬಿ ಹಿಡಿದೇ ನಿಂತ.

ಭೀಮಾ ನದಿಯ ಸೇತುವೆ ಬಂದಾಗ ಬಸ್ಸು ಗಕ್ಕನೆ ನಿಂತಿತು. ಸೇತುವೆಯ ನಡುವೆ ಹತ್ತಿ ಅಂಡಿಗೆ ಹೇರಿದ ಲಾರಿಯೊಂದು ಅಚ್ಚು ಮುರಿದು ಅಡ್ಡ ಬಿದ್ದಿತ್ತು. ಎರಡೂ ಕಡೆ ಗಾಡಿಗಳ ಸಾಲು. ಆ ಸಾಲಿನಲ್ಲೇ, ಸ್ವಲ್ಪ ಮುಂದೆ, ಸಾಹುಕಾರರ ಜೀಪು.

ತಾಯಪ್ಪ ಹಾರಿ ಇಳಿದ. ಲಾರಿಯ ಪಕ್ಕದಲ್ಲಿ ಒಬ್ಬ ಆಳು ತೂರುವಷ್ಟು ಜಾಗವಿತ್ತು. ಜೀಪನ್ನು ದಾಟುವಾಗ ತಲೆ ಎತ್ತಲಿಲ್ಲ. ಆದರೂ ಭೀಮರಾಯರು ಗುರುತು ಹಿಡಿದರು.

"ಲೇ ತಾಯಪ್ಪ! ಎಲ್ಲಿಗೆ ಹೊಂಟಿ?"

ಅವನು ನಿಲ್ಲಲಿಲ್ಲ. ಭೀಮರಾಯರು ಇಳಿದು ದೋತರ ಎತ್ತಿ ಹಿಡಿದು ಹಿಂದೆ ಬಂದರು. ಸೇತುವೆಯ ಕಟ್ಟೆಗೆ ಮೈ ಉಜ್ಜಿಕೊಂಡು ಇಬ್ಬರೂ ಲಾರಿ ದಾಟಿದರು. ಕೆಳಗೆ ನದಿ ಇಳಿದು ಬಂಡೆಗಳು ಕಾಣುತ್ತಿದ್ದವು.

"ನಿಲ್ಲಲೇ. ನಿನ್ನ ಚಲೋದಕ್ಕ ಮಾಡಾಕತ್ತೀನಿ. ಶಹಾಪುರ ದೊಡ್ಡ ತಂಡ."

"ಚಲೋ ಇದ್ರ ನಿನ್ನಿ ಮುಂಜಾನಿ ಮಾರಿ ನೋಡಿ ಹೇಳ್ತಿದ್ರಿ ಧಣಿ."

"ಏನು ಕೇಳಬೇಕು ನಿನ್ನ? ಕೆಲಸ ಕೊಟ್ಟಾಂವ ನಾನು. ತಂಡದಾಗ ಇಟ್ಟಾಂವ ನಾನು." ಭೀಮರಾಯರಿಗೆ ಏದುಸಿರು. "ಈಗ ತಿರುಗಿ ಬರಲಿಲ್ಲ ಅಂದ್ರ ನಾಳಿಂದ ಕೆನಾಲ್ ಕಡಿ ಹಾಯಬ್ಯಾಡ."

ತಾಯಪ್ಪನ ಹೆಜ್ಜೆ ಒಂದು ಕ್ಷಣ ತಡೆಯಿತು. ಬಾಲಮ್ಮ ನೆನಪಾದಳು. ಮತ್ತೆ ನಡೆದ. "ಆತ್ರಿ" ಅಂದ.

"ಏನು ಆತ್ರಿ?"

"ಹಾಯಂಗಿಲ್ಲ ಅಂದ್ನಿ."

ಭೀಮರಾಯರು ಅಲ್ಲೇ ಕಟ್ಟೆ ಹಿಡಿದು ನಿಂತುಬಿಟ್ಟರು. ಸೇತುವೆ ಮುಗಿಯುತ್ತಲೇ ತಾಯಪ್ಪ ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದ.

ಯಾದಗಿರಿಯ ಮೈದಾನದಲ್ಲಿ ಶಾಮಿಯಾನದ ಕೆಳಗೆ ಮೇಜು ಹಾಕಿಕೊಂಡು ಕಮಿಟಿಯ ಬಸವಂತ್ರಾಯ ಮಾಸ್ತರರು ಕೂತಿದ್ದರು. ಹಳೆಯ ಪಿ.ಟಿ. ಮಾಸ್ತರರು, ಶಿಸ್ತಿನ ಮನುಷ್ಯ. ಧೂಳು ಬೆವರು ಮೆತ್ತಿದ ಮುಖದಲ್ಲಿ ಎದುರು ಬಂದು ನಿಂತವನನ್ನು ನೋಡಿ ಕನ್ನಡಕ ಮೇಲೆ ಸರಿಸಿದರು.

"ನಾ ಸುರಪುರ ತಂಡ ಬಿಟ್ಟೀನ್ರಿ."

"ಯಾರು ಹೇಳ್ಯಾರ ಬಿಡು ಅಂತ?"

"ಯಾರೂ ಹೇಳಿಲ್ರಿ. ನಾನ ಬಿಟ್ಟೀನಿ."

ಮಾಸ್ತರರು ಮೇಜಿನ ಮೇಲಿನ ಚೀಟಿ ಡಬ್ಬಿಯ ಕಡೆ ಬೆರಳು ತೋರಿಸಿದರು. "ಚೀಟಿ ಎತ್ತೂದ್ರೊಳಗ ಯಾರೂ ಕರೀಲಿಲ್ಲ ಅಂದ್ರ ವರ್ಷಪೂರ್ತಿ ಕೂಡಬೇಕಾಗ್ತದ. ತಿಳೀತಿಲ್ಲೋ?"

"ತಿಳದೈತ್ರಿ."

"ಹಂಗಾರ ನೀ ಖುಲ್ಲಾ" ಅಂದರು ಮಾಸ್ತರರು, ಸುತ್ತ ನಿಂತವರಿಗೆಲ್ಲ ಕೇಳುವಂತೆ.

ಅಯ್ಯಣ್ಣ, ಭೀಮರಾಯ ಇಬ್ಬರೂ ಬೆವರು ಒರೆಸಿಕೊಳ್ಳುತ್ತ ಬಂದದ್ದು ಆಮೇಲೆ. ಅದಲಾಬದಲಿ ಮುರಿದು ಬಿತ್ತು. ಅವರ ಹಿಂದೆ ನಿಂತಿದ್ದ ಮನ್ಸೂರ ತಾಯಪ್ಪನನ್ನು ಒಮ್ಮೆ ನೋಡಿ ಮುಖ ಆಚೆ ತಿರುಗಿಸಿಕೊಂಡ. ಅವನ ಕಣ್ಣು ತುಂಬಿದ್ದವು.

ಆದರೆ ಸಾಹುಕಾರರು ಸುಮ್ಮನೆ ಕೂಡುವವರಲ್ಲ. ಒಂದೊಂದೇ ತಂಡದವರ ಹತ್ತಿರ ಹೋಗಿ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿ ಬಂದರು. ಮೈದಾನದ ಅಂಚಿನ ಬೇವಿನ ಗಿಡದ ಕೆಳಗೆ ತಾಯಪ್ಪ ಒಬ್ಬನೇ ನಿಂತ. ಹಿಂದಿನ ವರ್ಷ 'ನಮ್ಮ ಕಡಿ ಬಾ' ಅಂತ ಕಾಡಿದ್ದವರು ಈಗ ದೂರದಿಂದಲೇ ಕಣ್ಣು ತಪ್ಪಿಸಿ ಹೋದರು. ಮೈಕಿನಲ್ಲಿ ಚೀಟಿ ಎತ್ತುವ ಹೊತ್ತಾಯಿತೆಂದು ಕೂಗಿದರು.

ವನದುರ್ಗದ ತಂಡ ಅತ್ತಕಡೆ ಗುಂಪಾಗಿ ಕೂತಿತ್ತು. ಎಲ್ಲರೂ ಒಕ್ಕಲುತನದವರು, ಹಿಂದಿನ ವರ್ಷ ಮೊದಲ ಪಂದ್ಯದಲ್ಲೇ ಸೋತು ಹೋದವರು. ಅವರ ಹತ್ತಿಯೂ ಅಯ್ಯಣ್ಣನ ಅಡತಿಗೇ ಬರಬೇಕು. ಅವರ ಕ್ಯಾಪ್ಟನ್ ಮರಿಲಿಂಗಪ್ಪ ತಾಯಪ್ಪನ ಕಡೆ ನೋಡುವುದು, ತಂಡದವರ ಜೊತೆ ಪಿಸುಗುಡುವುದು, ಮತ್ತೆ ನೋಡುವುದು ಮಾಡುತ್ತಿದ್ದ. ಒಬ್ಬ ಕೈ ಅಡ್ಡ ಆಡಿಸಿದ. ಇನ್ನೊಬ್ಬ ಅವನನ್ನು ಬೈದ. ಕೊನೆಗೆ ಮರಿಲಿಂಗಪ್ಪ ಎದ್ದು, ಎಲ್ಲರೂ ನೋಡುತ್ತಿರುವಾಗಲೇ ಮೈದಾನ ಅಡ್ಡ ಹಾದು ಬಂದ.

"ಅಣ್ಣಾ, ನಮ್ಮ ಕಡಿ ಆಡ್ತೀಯೇನು?"

ತಾಯಪ್ಪ ಸಾಹುಕಾರರ ಕಡೆ ಒಮ್ಮೆ ನೋಡಿದ. "ಸಾವ್ಕಾರ ನಿಮ್ಮ ಹತ್ತಿ ತಗೊಳ್ಳಂಗಿಲ್ಲ."

"ಗುಲಬರ್ಗಾಕ್ಕ ಒಯ್ತೀವಿ. ನೀ ಆಡ್ತೀಯೋ ಇಲ್ಲೋ ಅಷ್ಟ ಹೇಳು."

"ಆಡ್ತೀನಿ. ಒಂದ ಮಾತು. ಹಿಂದ ನಾ 'ನಂದು' ಅಂತ ಕೂಗಿದ್ರ ಯಾರೂ ಕೈ ಹಾಕಬಾರ್ದು."

ಮರಿಲಿಂಗಪ್ಪ ನಕ್ಕ. "ನಮ್ಮ ಹುಡುಗರು ನೀ ಕೂಗದಿದ್ರೂ ಹಾಕಂಗಿಲ್ಲ. ಸರ್ವಿಸ್ ಅಂದ್ರ ಹೆದರತಾವ."

ಮಾಸ್ತರರ ಕೈ ಡಬ್ಬಿಯೊಳಗೆ ಹೋಗುವ ಮೊದಲು ವನದುರ್ಗದ ಹೆಸರಿನ ಜೊತೆ ತಾಯಪ್ಪನ ಹೆಸರು ಸೇರಿತು. ಎತ್ತಿದ ಚೀಟಿಯಲ್ಲಿ ಅವರ ಎದುರು ಬಂದದ್ದು ಶಹಾಪುರ.

ಮಧ್ಯಾಹ್ನ ವನದುರ್ಗದವರು ಒಂದೇ ಬಟ್ಟೆಯ ಮೇಲೆ ರೊಟ್ಟಿ, ಪುಂಡಿಪಲ್ಲೆ ಹರಡಿಕೊಂಡು ಕೂತರು. ತಾಯಪ್ಪ ಅಭ್ಯಾಸಬಲದಿಂದ ಸ್ವಲ್ಪ ದೂರ ಕೂತ. ಸುರಪುರದಲ್ಲಿ ಅವನಿಗೆ ಯಾವಾಗಲೂ ಬೇರೆ ಕಾಗದದಲ್ಲಿ ಕಟ್ಟಿಕೊಡುತ್ತಿದ್ದರು. ಮರಿಲಿಂಗಪ್ಪ ಬಟ್ಟೆಯನ್ನೇ ಅವನತ್ತ ಎಳೆದ. ಒಬ್ಬ ಮುದುಕ ಮಾತ್ರ ತನ್ನ ರೊಟ್ಟಿ ಹಿಡಿದು ಎದ್ದು ಹೋದ. ಉಳಿದವರು ಉಂಡರು.

ಪಂದ್ಯಕ್ಕೆ ಜನ ಕಿಕ್ಕಿರಿದು ಸೇರಿದ್ದರು. ಮೊದಲ ಸೆಟ್ಟು ಶಹಾಪುರ ಸುಲಭವಾಗಿ ಗೆದ್ದಿತು. ಹೊಸಬನ ಜೊತೆ ಹೊಂದಿಕೊಳ್ಳಲು ವನದುರ್ಗದವರಿಗೆ ಹೊತ್ತು ಬೇಕಾಯಿತು. ಎರಡನೇ ಸೆಟ್ಟಿನಲ್ಲಿ ತಾಯಪ್ಪನ ಕೈಯಿಂದ ಎದ್ದ ಚೆಂಡು ಪ್ರತಿ ಸಲ ಮರಿಲಿಂಗಪ್ಪನ ತಲೆಯ ಮೇಲೇ ಬಂದು ಇಳಿಯತೊಡಗಿತು. ಆ ಸೆಟ್ಟು ವನದುರ್ಗಕ್ಕೆ ಬಂತು. ಮೂರನೆಯದರಲ್ಲಿ ಶಹಾಪುರ ಹದಿನಾಲ್ಕು, ವನದುರ್ಗ ಹದಿಮೂರು. ಸರ್ವಿಸ್ ಶಹಾಪುರದ್ದು. ಒಂದು ಪಾಯಿಂಟು ಬಂದರೆ ಮುಗಿಯಿತು.

"ಅವನ ಕಡೀಗೇ ಹೊಡಿ!" ಅಯ್ಯಣ್ಣ ಕುರ್ಚಿಯಿಂದ ಎದ್ದು ಕೂಗಿದರು. "ಕೈ ಮುರೀಲಿ!"

ಚೆಂಡು ನೆಟ್ಟಿನ ಮೇಲಿಂದ ಹಾದು ಕೆಳಕ್ಕೆ ಬಾಗಿತು. "ನಂದು!" ತಾಯಪ್ಪ ಮಣ್ಣಿಗೆ ಬಿದ್ದು ಎತ್ತಿದ. ಮುಂದಿನವನು ಹೊಡೆದ, ಅತ್ತಲಿಂದ ತಿರುಗಿ ಬಂತು. ಮತ್ತೆ ಎತ್ತಿದ, ಚೆಂಡು ಮತ್ತೆ ಆಚೆ ಹೋಯಿತು. ಈಗ ಚೆಂಡು ಮನ್ಸೂರನ ಬೆರಳ ತುದಿಯಲ್ಲಿ. ಎಲ್ಲರೂ ಅವನು ಹಿಂದಕ್ಕೆ ಎತ್ತಿಕೊಡುತ್ತಾನೆ ಅಂದುಕೊಂಡರು. ಮನ್ಸೂರ ಕೊಡಲಿಲ್ಲ, ನೆಟ್ಟಿನ ಈಚೆ ಖಾಲಿ ಜಾಗಕ್ಕೆ ಮೆಲ್ಲಗೆ ತಳ್ಳಿದ. ಮನಸ್ಸಿಟ್ಟು ಆಡಿದ ಆಟ, ಅದರಲ್ಲಿ ಸ್ನೇಹದ ರಿಯಾಯಿತಿ ಏನೂ ಇರಲಿಲ್ಲ. ತಾಯಪ್ಪ ಎದೆಯ ಮೇಲೆ ಜಾರಿಕೊಂಡು ಹೋಗಿ ಅಂಗೈಯ ಹಿಂಭಾಗ ಚೆಂಡಿನ ಕೆಳಗೆ ತೂರಿಸಿದ. ಚೆಂಡು ಎದ್ದಿತು. ಮರಿಲಿಂಗಪ್ಪ ಹೊಡೆದದ್ದು ಗೆರೆಯ ಒಳಗೆ ಬಿತ್ತು.

ಆಗ ಸರ್ವಿಸ್ ಇದ್ದವರಿಗೆ ಮಾತ್ರ ಪಾಯಿಂಟು; ಆ ಸರ್ವಿಸ್ ಈಗ ವನದುರ್ಗದ ಕೈಗೆ ಬಂತು. ಆಮೇಲೆ ಶಹಾಪುರದವರ ಕೈ ತಡವರಿಸಿತು. ಸಾಲಾಗಿ ಮೂರು ಪಾಯಿಂಟು, ಎರಡರ ಅಂತರ. ಸೀಟಿ ಊದಿದಾಗ ತಾಯಪ್ಪನಿಗೆ ಗೆದ್ದದ್ದು ತಿಳಿಯಲೇ ಇಲ್ಲ, ಮುಂದಿನ ಚೆಂಡಿಗೆ ಬಗ್ಗಿ ನಿಂತೇ ಇದ್ದ. ಮನ್ಸೂರ ನೆಟ್ಟಿನ ಕೆಳಗೆ ತೂರಿ ಬಂದು ಅವನ ಕೆಂಪೇರಿದ ಮುಂಗೈ ಎರಡೂ ಹಿಡಿದುಕೊಂಡ.

"ಅದು ಹೆಂಗ ಎತ್ತಿದ್ಯೋ ಅಣ್ಣಾ?"

"ನೀ ಹಂಗ ಮಾಡ್ತಿ ಅಂತ ನಂಗ್ಯಾಕೋ ಅನಿಸ್ತು."

ಮರುದಿನ ರೈಲ್ವೆ ತಂಡದವರ ಕೈಯಲ್ಲಿ ವನದುರ್ಗ ಚೆನ್ನಾಗಿ ಏಟು ತಿಂದು ಸೋತಿತು.

ಭೀಮರಾಯರು ಹೇಳಿದಂತೆಯೇ ಮಾಡಿದರು. ಕೆನಾಲಿನ ಕೆಲಸ ಹೋಯಿತು. ಬಾಲಮ್ಮ ಮೆಣಸಿನಕಾಯಿ ಹೊಲಗಳಿಗೆ ಕೂಲಿ ಹೋದಳು, ತಾಯಪ್ಪ ಕ್ಯಾಂಪುಗಳಲ್ಲಿ ಭತ್ತ ಕೊಯ್ಯಲು ಹೋದ. ಆ ಬೇಸಿಗೆ ಕಷ್ಟದಲ್ಲೇ ಕಳೆಯಿತು; ಒಂದೆರಡು ಸಲ ಗಂಡ ಹೆಂಡತಿ ಇದೇ ಮಾತಿಗೆ ಜಗಳವನ್ನೂ ಆಡಿದರು. ವನದುರ್ಗದವರು ಹತ್ತಿಯನ್ನು ಗುಲಬರ್ಗಾಕ್ಕೆ ಹೊತ್ತರು, ಲಾರಿ ಬಾಡಿಗೆ ಕೊಟ್ಟು ಬೈದುಕೊಂಡರು, ಆದರೆ ತಾಯಪ್ಪನ ಮುಂದೆ ಆ ಮಾತು ತೆಗೆಯಲಿಲ್ಲ. ಮನ್ಸೂರನನ್ನು ಸಾಹುಕಾರರು ಬಿಡಿಸಲಿಲ್ಲ. ಅಂಥ ಲಿಫ್ಟರ್ ಬೇರೆ ಎಲ್ಲಿ ಸಿಗುತ್ತಾನೆ?

ಮುಂದಿನ ಹಂಗಾಮಿಗೆ ಬಸವಂತ್ರಾಯ ಮಾಸ್ತರರು ಕಮಿಟಿಯವರ ಜೊತೆ ಜಗಳಾಡಿ ಕಟ್ಟಳೆ ತಿದ್ದಿಸಿದರು. ಅದಲಾಬದಲಿ ಆಗುವ ಆಟಗಾರ ತಾನೇ ಮೇಜಿನ ಮುಂದೆ ಬಂದು ಒಪ್ಪಿಗೆ ಹೇಳಬೇಕು.

ಅದಾದ ಕೆಲವು ದಿನಕ್ಕೆ ಭೀಮರಾಯರ ಮೋಟಾರ್‌ಸೈಕಲ್ಲು ದೇವಾಪುರದ ಓಣಿಯಲ್ಲಿ ಬಂದು ನಿಂತಿತು. ಅವರು ಆ ಓಣಿಗೆ ಬಂದದ್ದು ಅದೇ ಮೊದಲು. ಇಳಿಯದೆ ಕೂತಲ್ಲಿಂದಲೇ, ತಾಯಪ್ಪನ ಮುಖ ನೋಡದೆ, ಕೇಳಿದರು.

"ಈ ವರ್ಷ ನಮ್ಮ ಕಡಿ ಬರ್ತೀಯೇನು?"

ತಾಯಪ್ಪ ಬಾಗಿಲಲ್ಲಿ ನಿಂತಿದ್ದ ಬಾಲಮ್ಮನ ಕಡೆ ನೋಡಿದ.

"ಕೇಳಿದ್ರಲ್ಲ ಧಣಿ, ಖುಷಿ ಆತು" ಅಂದ. "ವನದುರ್ಗದವ್ರಿಗೆ ಮಾತು ಕೊಟ್ಟೀನಿ. ಬರೂದಾಗಂಗಿಲ್ರಿ."

ಭೀಮರಾಯರು ಹ್ಯಾಂಡಲ್ ತಿರುಗಿಸಿದರು. "ಸೋಮವಾರದಿಂದ ಹೂಳು ತಗಿಯೂ ಕೆಲಸ ಸುರು ಐತಿ. ಆಳು ಬೇಕಾಗ್ಯಾವ" ಅಂದು ಗಾಡಿಗೆ ಕಿಕ್ ಹೊಡೆದರು. ಅದು ಕರೆಯೋ, ಬರೀ ಸುದ್ದಿಯೋ ತಾಯಪ್ಪನಿಗೆ ಹೊಳೆಯಲಿಲ್ಲ. ಸೋಮವಾರ ಹೋಗಿ ನೋಡಿದರಾಯಿತು ಅಂದುಕೊಂಡ.